ಸ್ವೆಟರಿನವಳು, ಆಯಿ ಮತ್ತು ಮಿಡಿಯ ಭರಣಿ

ನನ್ನ ಹೊಲಿಗೆ ಅಂಗಡಿಯಲ್ಲಿ ಬ್ಲೌಸಿನ ಕೂಲಿಗೆ ಚೌಕಾಶಿ ಮಾಡದೆ ಎದ್ದು ಹೋದ ಹೆಂಗಸನ್ನು ನಾನು ಯಲ್ಲಾಪುರದಲ್ಲಿ ಇನ್ನೂ ಕಂಡಿಲ್ಲ. ಲೈನಿಂಗ್ ಬಟ್ಟೆ ನಾವೇ ಕೊಟ್ಟಿದ್ದಲ್ಲವಾ ಎನ್ನುತ್ತಾರೆ. ಹುಕ್ಕಿಗೂ ದುಡ್ಡಾ ಎನ್ನುತ್ತಾರೆ. ಯಾವುದೂ ನಡೆಯದಿದ್ದರೆ ‘ನಾವೇನು ಹೊರಗಿನವರಾ’ ಎಂದು ಎಲ್ಲಿಯದೋ ನೆಂಟಸ್ತಿಕೆಯ ಎಳೆ ಹಿಡಿದು ಎಳೆಯುತ್ತಾರೆ. ಅದೇ ಹೆಂಗಸರು ಚಳಿಗಾಲ ಶುರುವಾಗಿ ಬಸ್ ಸ್ಟ್ಯಾಂಡಿನ ಹತ್ತಿರದ ಬಯಲಿನಲ್ಲಿ ಟಿಬೆಟಿನವರು ಸ್ವೆಟರ್ ಅಂಗಡಿ ಹಾಕಿದರೆ, ‘ಒಂದೇ ರೇಟು’ ಎಂದು ಬರೆದ ರಟ್ಟಿನ ಕೆಳಗೆ ನಿಂತು, ತುಟಿ ಪಿಟಕ್ಕೆನ್ನದೆ ಹೇಳಿದಷ್ಟು ಕೊಟ್ಟು ಬರುತ್ತಾರೆ. ಬರುವಾಗ ಅದನ್ನು ನನಗೆ ತೋರಿಸಿಕೊಂಡೇ ಹೋಗುತ್ತಾರೆ. ‘ನೋಡು, ಎಷ್ಟು ಬೆಚ್ಚಗಿದೆ!’

ನನಗೆ ಆಗುವುದು ಹೊಟ್ಟೆಕಿಚ್ಚು. ಅದಕ್ಕೆ ಬೇರೆ ಹೆಸರಿಟ್ಟು ಚೆಂದ ಮಾಡುವ ಆಸೆ ನನಗಿಲ್ಲ.

ಮೊದಲು ಚಳಿಗಾಲವೆಂದರೆ ನನಗೂ ಸುಗ್ಗಿಯೇ. ಉಲ್ಲನ್ನಿನಲ್ಲಿ ಕೂಸುಗಳ ಟೊಪ್ಪಿ, ಕಾಲುಚೀಲ, ಬಾಣಂತಿಯರಿಗೆ ಕಿವಿ ಮುಚ್ಚುವ ಪಟ್ಟಿ ಹೆಣೆದು ಕೊಡುತ್ತಿದ್ದೆ. ಈಗ ಅದನ್ನು ಯಾರು ಕೇಳುತ್ತಾರೆ? ಹಿತ್ತಲ ಗಿಡ ಮದ್ದಲ್ಲ. ಇದಕ್ಕಿಂತ ಉರಿಯುವ ಸಂಗತಿ ಇನ್ನೊಂದಿದೆ. ಅವರಿಂದ ಕೊಂಡ ಜಾಕೀಟಿನ ಜಿಪ್ಪು ಕಿತ್ತರೆ ಬರುವುದು ನನ್ನ ಹತ್ತಿರ. ತೋಳು ಉದ್ದವಾದರೆ ಮೊಟಕು ಮಾಡಿಸಲು ಬರುವುದೂ ನನ್ನ ಹತ್ತಿರ. ಇಡಗುಂದಿ ಕಡೆಯಿಂದ ಸ್ವೆಟರಿಗೆಂದು ಬಸ್ಸು ಹತ್ತಿ ಬಂದವರು ಭಜೆ ತಿಂದು, ಬಕೆಟ್ಟು ಕೊಂಡು, ಹೋಗುವಾಗ ಸೀರೆಗೆ ಫಾಲ್ ಹಾಕಿಸಲು ನನ್ನಲ್ಲಿ ಬಿಟ್ಟು ಹೋಗುತ್ತಾರೆ. ಎದುರಿನ ಚಾದಂಗಡಿಯವ ಆ ತಿಂಗಳುಗಳಿಗೆಂದೇ ಒಂದು ಬೆಂಚು ಜಾಸ್ತಿ ಹಾಕುತ್ತಾನೆ. ‘ಅವ್ರು ಬಂದ್ರೆ ಪ್ಯಾಟೆಗೆ ಕಳೆ’ ಎನ್ನುತ್ತಾನೆ. ಅವನು ಹೇಳುವುದು ಸರಿ. ಸರಿ ಇರುವುದರಿಂದಲೇ ನನಗೆ ಸಿಟ್ಟು. ಒಬ್ಬರನ್ನು ಕಂಡು ಹೊಟ್ಟೆ ಉರಿದುಕೊಳ್ಳುವುದು ಸುಲಭ, ಅವರಿಂದಲೇ ನಮ್ಮ ಒಲೆಯೂ ಉರಿಯುತ್ತಿದ್ದರೆ ಬಾಯಿ ಬಿಟ್ಟು ಬಯ್ಯಲೂ ಆಗುವುದಿಲ್ಲ.

ಆದರೂ ನಾನು ಬಯ್ಯುತ್ತಿದ್ದೆ. ಇವರ ಹಿರಿಯರು ಬೆಟ್ಟ ದಾಟಿ ಓಡಿ ಬಂದವರು, ಸರ್ಕಾರ ಮುಂಡಗೋಡಿನ ಹತ್ತಿರ ಕಾಡು ಜಾಗ ಕೊಟ್ಟಿತು, ಅಲ್ಲಿ ಜ್ವರದಲ್ಲಿ ನರಳಿ, ನೆಲ ಹಸನು ಮಾಡಿ, ಗೋವಿನಜೋಳ ಬೆಳೆದು ಕ್ಯಾಂಪು ಕಟ್ಟಿಕೊಂಡರು ಎಂಬುದೆಲ್ಲ ನಮ್ಮ ಕಡೆ ಎಲ್ಲರಿಗೂ ಗೊತ್ತು. ಈಗ ಆ ಕ್ಯಾಂಪಿನ ಗುಡಿಗಳನ್ನು ನೋಡಲು ಬಸ್ಸುಗಟ್ಟಲೆ ಜನ ಬರುತ್ತಾರೆ. ನಮ್ಮ ಕಡೆಯ ಗೌಂಡಿಗಳು, ಅಡುಗೆಯವರು, ಡ್ರೈವರುಗಳು ಅಲ್ಲಿಗೆ ಕೆಲಸಕ್ಕೆ ಹೋಗುತ್ತಾರೆ. ಅಂಗಡಿಯಲ್ಲಿ ನಾಲ್ಕು ಹೆಂಗಸರು ಸೇರಿದರೆ ‘ಹೊರಗಿಂದ ಬಂದವ್ರಿಗೆ ಎಲ್ಲಾ ಆಯ್ತು, ಇಲ್ಲೇ ಇದ್ದವ್ರಿಗೆ ಎಂತ ಆಯ್ತು?’ ಎಂಬ ಮಾತು ಬಂದೇ ಬರುತ್ತದೆ. ಆ ಮಾತಿಗೆ ಎಲ್ಲರಿಗಿಂತ ಜೋರಾಗಿ ಹೌದೆನ್ನುವವಳು ನಾನು. ಯಾಕೆಂದರೆ ನಾನು ಮುಳುಗಡೆಯವಳು.

ಕಾಳಿ ಹೊಳೆಗೆ ಅಣೆಕಟ್ಟು ಕಟ್ಟಿದಾಗ ನಮ್ಮ ಊರು ನೀರಿಗೆ ಹೋಯಿತು. ನಾನಿನ್ನೂ ಶಾಲೆಯ ಮೆಟ್ಟಿಲು ಹತ್ತಿರಲಿಲ್ಲ. ನನಗೆ ನೆನಪಿರುವುದು ಲಾರಿಯಲ್ಲಿ ಹಗ್ಗ ಹಾಕಿ ಬಿಗಿದ ಒರಳು, ಅದಕ್ಕೆ ಆತು ಕೂತಿದ್ದ ನಾನು, ಅಷ್ಟೇ. ಪರಿಹಾರ ಬಂತು, ಜಾಗವೂ ಸಿಕ್ಕಿತು. ಊರಿನ ಮನೆಗಳು ಮಾತ್ರ ದಿಕ್ಕಿಗೊಂದು ಹೋದವು. ನಾವು ಇಡಗುಂದಿ ಕಡೆಗೆ, ಇನ್ನೊಬ್ಬರು ಶಿರಸಿಗೆ, ಪಕ್ಕದ ಮನೆಯವರು ಸಿದ್ದಾಪುರ ತಾಲೂಕಿನ ಹೆಗ್ಗರಣೆಗೆ. ಯಾಕೆ ಹಾಗಾಯಿತು ಎಂದು ಕೇಳಿದರೆ ಆಯಿ, ಅಂದರೆ ನನ್ನ ತಾಯಿ, ಬಾಯಿ ಬಿಡುತ್ತಿರಲಿಲ್ಲ. ‘ಎಂತಕ್ಕೆ ಈಗ ಅದೆಲ್ಲಾ? ಮುಳುಗಿದ್ದು ಮುಳುಗಿ ಹೋತು’ ಎನ್ನುತ್ತಿದ್ದಳು.

ಅಪ್ಪಯ್ಯ ತೀರಿಕೊಂಡ ಮೇಲೆ ಆಯಿ ಯಲ್ಲಾಪುರಕ್ಕೆ, ನನ್ನ ಮನೆಗೆ ಬಂದಳು. ಬರುವಾಗ ಎರಡು ಸೀರೆಯ ಗಂಟಿನ ಜೊತೆ ಒಂದು ಪಿಂಗಾಣಿ ಭರಣಿ ತಂದಳು. ಅದರೊಳಗೆ ಇರುವುದು ಮುಳುಗಿದ ಊರಿನ ಅಪ್ಪೆಮಿಡಿ. ಹೊಳೆಯಂಚಿನ ಕಾಡುಮಾವಿನ ಎಳೆಗಾಯಿಯನ್ನು ನಮ್ಮಲ್ಲಿ ಉಪ್ಪಿನಕಾಯಿಗೆ ಹಾಕುತ್ತಾರಲ್ಲ, ಅದೇ. ಊರು ಬಿಡುವ ವರ್ಷ ಕೊಯ್ದದ್ದಂತೆ. ಖಾರ ಅರೆದು ಹಾಕದೆ ಬರೀ ಉಪ್ಪುನೀರಿನಲ್ಲಿ ಇಟ್ಟದ್ದು. ಪ್ರತಿ ಬೇಸಿಗೆಯಲ್ಲಿ ಆಯಿ ನೀರಿಗೆ ಉಪ್ಪು ಹಾಕಿ ಕುದಿಸಿ, ಆರಿಸಿ, ಹಳೆಯ ನೀರು ಚೆಲ್ಲಿ ಹೊಸತು ತುಂಬಿ, ಬಾಯಿಗೆ ಬಟ್ಟೆ ಕಟ್ಟಿ ಮತ್ತೆ ಮೂಲೆಗೆ ಇಡುತ್ತಾಳೆ. ಮಿಡಿಗಳು ಕಪ್ಪಾಗಿ ಮುರುಟಿವೆ. ಅವು ಯಾರ ಬಾಯಿಗೂ ಬಿದ್ದಿಲ್ಲ.

ಕೇಳಲಿಲ್ಲ ಎನ್ನಬೇಡಿ. ಬಸುರಿಯಾದಾಗ ಕೇಳಿದೆ. ಬಸುರಿ ಬಾಯಿಗೆ ಇಲ್ಲವೆನ್ನಬಾರದು ಎನ್ನುತ್ತಾರೆ, ಆಯಿ ಶಿರಸಿ ಪೇಟೆಯಿಂದ ಬೇರೆ ಮಿಡಿ ತರಿಸಿಕೊಟ್ಟಳು. ಜ್ವರ ಬಂದು ಬಾಯಿ ಕೆಟ್ಟಾಗ ಕೇಳಿದೆ. ಗಂಜಿಗೆ ನಿಂಬೆಹುಳಿ ಹಿಂಡಿ ಕೊಟ್ಟಳು. ಅಪ್ಪಯ್ಯನ ವರ್ಷಾಂತದ ದಿನವೂ ಕೇಳಿದೆ.

‘ಇಲ್ಲೆ ಕೂಸೇ, ಇನ್ನೂ ಹೊತ್ತಾಜಿಲ್ಲೆ’ ಎಂದಳು.

ಹೊತ್ತು ಯಾವಾಗ ಆಗುತ್ತದೆ ಎಂದು ಅವಳು ಹೇಳಲಿಲ್ಲ. ಆಗುವ ಹೊತ್ತಿಗೆ ಅವಳೂ ಇರಬೇಕಲ್ಲ ಎಂಬುದು ನನ್ನ ಹೆದರಿಕೆ. ಈಚೆಗೆ ಅವಳಿಗೆ ಮರೆವು ಶುರುವಾಗಿದೆ. ಹಾಲಿಗೆ ಹೆಪ್ಪು ಹಾಕಿದ್ದೇನೋ ಇಲ್ಲವೋ ಎಂದು ಎರಡು ಸಲ ಹಾಕುತ್ತಾಳೆ. ಊರಿನ ಸುದ್ದಿ ಅವಳ ತಲೆಯಲ್ಲಿ ಬಿಟ್ಟು ಬೇರೆಲ್ಲೂ ಇಲ್ಲ. ಅದು ನನಗೆ ಸಿಗದೆ ಹೋದರೆ ನಾನು ಎಲ್ಲಿಯವಳು ಎಂದು ಕೇಳಿದವರಿಗೆ ಒರಳು ತೋರಿಸಬೇಕು.

ನಮ್ಮ ಮನೆಯ ರಸ್ತೆ ಬದಿಗೆ ಎರಡು ಕೋಣೆ. ಒಂದರಲ್ಲಿ ನನ್ನ ಅಂಗಡಿ. ಹಲಗೆಯ ಅಡ್ಡಗೋಡೆಯ ಆಚೆ ಇನ್ನೊಂದು, ಆಯಿ ಹಗಲು ಹೊತ್ತು ಕೂತು ಹೂಬತ್ತಿ ಹೊಸೆಯುವ ಜಾಗ. ಕೆಲವು ವರ್ಷಗಳಿಂದ ಚಳಿಗಾಲದ ಮಟ್ಟಿಗೆ ಆ ಕೋಣೆಯನ್ನು ಸ್ವೆಟರಿನವಳೊಬ್ಬಳಿಗೆ ಬಾಡಿಗೆಗೆ ಕೊಡುತ್ತಿದ್ದೇವೆ. ಆಯಿ ಹಗಲು ಅಲ್ಲೇ ಕೂರುವುದು ಮಾತ್ರ ತಪ್ಪಿಲ್ಲ, ಅವಳ ಭರಣಿಯೂ ಅಲ್ಲೇ ಮೂಲೆಯಲ್ಲಿ. ನನ್ನ ಯಜಮಾನರ ಏರ್ಪಾಡು ಅದು, ನನ್ನದಲ್ಲ. ಅವಳಿಗೆ ಐವತ್ತರ ಹತ್ತಿರ ವಯಸ್ಸು. ಹುಟ್ಟಿದ್ದು ಮುಂಡಗೋಡಿನ ಕ್ಯಾಂಪಿನಲ್ಲೇ, ಟಿಬೆಟು ಕಂಡವಳಲ್ಲ. ಕನ್ನಡ ಮಾತಾಡಿದರೆ ಹುಬ್ಬಳ್ಳಿ ಸಂತೆಯವಳು ಎನ್ನಬೇಕು. ನನಗಿಂತ ದೊಡ್ಡವಳಾದರೂ ನನಗೇ ‘ಅಕ್ಕಾರ’ ಎನ್ನುತ್ತಾಳೆ. ಬಂದ ಮೊದಲ ವರ್ಷ ಆಯಿಗೆ ‘ಅಮ್ಮಾರ’ ಎನ್ನುತ್ತಿದ್ದಳು, ಮರುವರ್ಷಕ್ಕೆ ನಾನು ಕರೆಯುವುದನ್ನು ಕೇಳಿ ಕೇಳಿ ‘ಆಯಿ’ ಎನ್ನತೊಡಗಿದಳು. ಊರಿಗೆ ಬಂದವಳು ನೀರಿಗೆ ಬಾರದಿರುವಳೇ? ನನಗೆ ಮೈ ಉರಿಯಿತು. ನನ್ನ ತಾಯಿಯನ್ನು ಹಾಗೆ ಕರೆಯಲು ಹುಟ್ಟಿದವಳು ಪ್ರಪಂಚದಲ್ಲಿ ನಾನೊಬ್ಬಳೇ.

ಸ್ವೆಟರಿನವರಲ್ಲಿ ಒಂದು ಪದ್ಧತಿಯಿದೆ. ಯಾರ ಅಂಗಡಿ ಎಲ್ಲಿ ಎಂದು ವರ್ಷವೂ ಚೀಟಿ ಎತ್ತುತ್ತಾರೆ. ರಸ್ತೆಯ ಮೂಲೆ ಒಳ್ಳೆಯ ಜಾಗ, ಹಿಂದೆ ಗಟಾರದ ಬದಿ ಕೆಟ್ಟದ್ದು. ಈ ವರ್ಷ ಎಲ್ಲ ಮನೆಗಳವರೂ ನಮ್ಮ ಆ ಕೋಣೆಯಲ್ಲೇ ಸೇರಿದರು. ಚೀಟಿ ಎತ್ತಲು ಲಾಭನಷ್ಟವಿಲ್ಲದ ಕೈ ಬೇಕೆಂದು ಆಯಿಯನ್ನೇ ಕೂರಿಸಿದರು. ಆಯಿ ಚೊಂಬಿಗೆ ಕೈ ಹಾಕಿ ಒಂದೊಂದೇ ಎತ್ತಿ ಕೊಟ್ಟಳು. ನಮ್ಮ ಬಾಡಿಗೆಯವಳಿಗೆ ಬಂದದ್ದು ಗಟಾರದ ಬದಿ.

ನನಗೆ ಆದ ಖುಷಿ ಹೇಳತೀರದು. ಆ ದಿನ ಪಾಯಸ ಮಾಡುವುದೊಂದು ಬಾಕಿ.

ಅವಳ ಮುಖ ಸಣ್ಣಗಾಗಲಿಲ್ಲ. ಎಲ್ಲರೂ ಏನೋ ಹೇಳಿ ನಕ್ಕರು, ಚಾ ಕುಡಿದು ಎದ್ದರು. ನಾನು ಕಾದೆ. ಗಟಾರದ ವಾಸನೆಗೆ ಯಾರು ಹೋಗುತ್ತಾರೆ, ವಾರದೊಳಗೆ ಗಂಟು ಕಟ್ಟುತ್ತಾಳೆ ಎಂದುಕೊಂಡೆ. ನೋಡಿದರೆ ಮೂಲೆಯ ಅಂಗಡಿಯವಳು ಬಂದ ಗಿರಾಕಿಗೆ ‘ಮಕ್ಕಳ ಸೈಜಾ? ಹಿಂದ ಹೋಗ್ರಿ, ಅಲ್ಲೈತಿ’ ಎನ್ನುತ್ತಿದ್ದಾಳೆ. ಅವಳ ಪಕ್ಕದವನು ಶಾಲು ಕೇಳಿದವರನ್ನು ಹಿಂದಕ್ಕೆ ಕಳಿಸುತ್ತಿದ್ದಾನೆ. ಕೆಟ್ಟ ಜಾಗ ಬಂದವರಿಗೆ ಕೂಸುಗಳ ಬಟ್ಟೆಯನ್ನು, ಶಾಲನ್ನು ಉಳಿದವರೆಲ್ಲ ಬಿಟ್ಟುಕೊಡುವುದು ಅವರವರಲ್ಲಿ ಆದ ಮಾತಂತೆ. ನಾನೇ ಹೋಗಿ ನಿಂತು ನೋಡಿದೆ. ಗಟಾರದ ಬದಿಯಲ್ಲಿ ಜನ ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು. ಕೂಸುಗಳ ಟೊಪ್ಪಿ ರಾಶಿ ಹಾಕಿದ್ದಳು. ನಾನು ಹೆಣೆಯುತ್ತಿದ್ದ ಟೊಪ್ಪಿಗಿಂತ ಒರಟು. ನಾನು ಈಗಲೂ ಹಾಗೆಯೇ ಹೇಳುತ್ತೇನೆ.

ಇದನ್ನು ಆಯಿಗೆ ಹೇಳಿದವಳು ನಾನೇ, ದೂರು ಹೇಳುವ ಧಾಟಿಯಲ್ಲಿ. ಆಯಿ ಹೂಬತ್ತಿ ಕೆಳಗಿಟ್ಟು ಕೇಳಿದಳು. ಮರುದಿನ ಮಧ್ಯಾಹ್ನ ಸ್ವೆಟರಿನವಳು ಊಟಕ್ಕೆಂದು ಕೋಣೆಗೆ ಬಂದಾಗ ಆಯಿ ಅವಳಿಗೆ ಹೇಳುವುದು ನನಗೆ ಹಲಗೆಯ ಈಚೆ ಕೇಳಿಸಿತು.

‘ನಮ್ಮೂರಲ್ಲಿ ಹೀಗಿರ್ಲಿಲ್ಲ ನೋಡು.’

‘ನಿಮ್ಮೂರು ಹ್ಯಾಂಗಿತ್ರಿ ಆಯಿ?’ ಎಂದಳು ಅವಳು.

ನಾನು ಮಷೀನು ತುಳಿಯುವುದನ್ನು ನಿಲ್ಲಿಸಿದೆ. ನಿಲ್ಲಿಸಿದ್ದೇ ತಡ, ಆಚೆ ಆಯಿಯ ಮಾತೂ ನಿಂತಿತು. ಮತ್ತೆ ತುಳಿದೆ. ಮಾತು ಶುರುವಾಯಿತು, ಆದರೆ ಸದ್ದಿನಲ್ಲಿ ನನಗೆ ಅರ್ಧ ಕೇಳಿಸಲಿಲ್ಲ. ತುಳಿದರೆ ಕೇಳುವುದಿಲ್ಲ, ನಿಲ್ಲಿಸಿದರೆ ಹೇಳುವುದಿಲ್ಲ. ಕೊನೆಗೆ ಸೂಜಿಯಿಂದ ದಾರ ತೆಗೆದು, ಬಟ್ಟೆಯೂ ಇಲ್ಲದೆ, ಮೆಲ್ಲಗೆ ಬಿಟ್ಟು ಬಿಟ್ಟು ಖಾಲಿ ಮಷೀನು ತುಳಿಯುತ್ತ ಕೂತೆ. ನನ್ನೂರಿನ ಸುದ್ದಿ ಕೇಳಲು ನಾನು ಪಟ್ಟ ಪಾಡು ಅದು. ಆಗ ಬಂದ ಗಿರಾಕಿಯೊಬ್ಬಳು ‘ಎಂತ ಹೊಲೀತಿದ್ರಿ?’ ಎಂದು ಕೇಳಿ ನನ್ನ ಮುಖ ನೋಡಿದಳು. ನಾಳೆ ಬನ್ನಿ ಎಂದೆ.

ಹಾಗೆ ದಿನವೂ ಮಧ್ಯಾಹ್ನ ನನಗೆ ತುಂಡು ತುಂಡಾಗಿ ಸಿಕ್ಕಿದ್ದು ಇಷ್ಟು. ನಮ್ಮ ಜಾಗಕ್ಕೂ ಪಕ್ಕದ ಮನೆಯವರ ಜಾಗಕ್ಕೂ ನಡುವೆ ಬೇಲಿ. ಬೇಲಿಯ ಮೇಲೇ ಒಂದು ಅಪ್ಪೆಮರ. ಮರ ಯಾರದು ಎಂದು ಅಪ್ಪಯ್ಯನಿಗೂ ಪಕ್ಕದ ಮನೆಯ ಯಜಮಾನನಿಗೂ ಜಗಳ. ಮಿಡಿ ಕೊಯ್ಯುವ ಕಾಲ ಬಂದರೆ ಇಬ್ಬರೂ ಮರದ ಕೆಳಗೆ ನಿಂತು ಟೊಂಗೆ ಹಂಚಿಕೊಳ್ಳುವರು, ಈಚೆಯ ಟೊಂಗೆ ನಮ್ಮದು, ಆಚೆಯದು ಅವರದು. ಬೇಲಿ ಸರಿಸಿದ ಮಾತು, ಬೈಗುಳ, ಪಂಚಾಯ್ತಿಕೆ ಎಲ್ಲ ಆಗಿತ್ತು. ಊರಿನ ಉಳಿದ ಮನೆಗಳಲ್ಲೂ ಇಂಥದ್ದೇ ಬೇಲಿಗಳು, ಇಂಥದ್ದೇ ಜಗಳ. ಮುಳುಗಡೆ ಬಂದಾಗ ಎಲ್ಲರೂ ಒಂದೇ ಕಡೆ ಜಾಗ ಹಿಡಿಯೋಣ ಎಂದು ಹಿರಿಯರೊಬ್ಬರು ಸಭೆ ಕರೆದರಂತೆ. ಯಾರ ಪಕ್ಕ ಯಾರು ಎಂಬಲ್ಲಿಗೆ ಸಭೆ ಮುರಿಯಿತು. ‘ಹೊಸ ಜಾಗದಲ್ಲಾದ್ರೂ ಅವನ ಬೇಲಿ ಬಗಲಿಗೆ ಬ್ಯಾಡ’ ಎಂದು ಎಲ್ಲರಿಗಿಂತ ಮೊದಲು ಎದ್ದು ಬಂದವನು ನನ್ನ ಅಪ್ಪಯ್ಯ. ಹೊಳೆಯ ನೀರು ನಮ್ಮ ಮನೆಗಳನ್ನು ಮುಳುಗಿಸಿತೇ ಹೊರತು ನಮ್ಮನ್ನು ಚೆದುರಿಸಿದ್ದು ಹೊಳೆಯಲ್ಲ.

ಇದನ್ನು ಕೇಳಿ ಸ್ವೆಟರಿನವಳು ನಕ್ಕಳು. ‘ನಮ್ಮಾಗೂ ಜಗಳ ಭಾಳ ಐತ್ರಿ ಆಯಿ. ನಮ್ಮ ಅಪ್ಪ ಬಾಜೂ ಮನಿಯವ್ರ ಕೂಡ ಸಾಯೂತನಾ ಮಾತಾಡ್ಲಿಲ್ಲ. ಆದ್ರ ಅವ್ರ ಹೆಣಾ ಎತ್ತೂ ಮುಂದ ಮೊದ್ಲ ಹೆಗಲು ಕೊಟ್ಟವ ಅವನ.’

ನಾನು ಕಾಲು ನಿಲ್ಲಿಸಿದೆ. ಅವರ ಹೊಲ, ಅವರ ಗುಡಿ, ಅವರ ಸ್ವೆಟರ್ ಯಾವುದನ್ನು ಕಂಡಾಗಲೂ ಆಗದಷ್ಟು ಹೊಟ್ಟೆಕಿಚ್ಚು ಆ ಒಂದು ಮಾತಿಗೆ ಆಯಿತು. ದೇಶವನ್ನೇ ಕಳೆದುಕೊಂಡು ಬಂದವರಿಗೆ ಜಗಳವಾಡಲು ಪಕ್ಕದ ಮನೆ ಉಳಿದಿತ್ತು. ದೇಶದೊಳಗೇ ಇದ್ದ ನಮಗೆ ಅದು ಉಳಿಯಲಿಲ್ಲ. ಅಪ್ಪಯ್ಯ ಸತ್ತಾಗ ಹೆಗ್ಗರಣೆಯಿಂದ ಯಾರೂ ಬರಲಿಲ್ಲ, ನಾವು ತಿಳಿಸಿಯೂ ಇರಲಿಲ್ಲ.

ಮಷೀನು ನಿಂತದ್ದು ಗೊತ್ತಾಗಿ ಆಯಿ ಸುಮ್ಮನಾದಳು. ಸ್ವಲ್ಪ ಹೊತ್ತಿಗೆ ಆಚೆ ಏನೋ ಸರಿಸಿದ ಸದ್ದಾಯಿತು. ಆಮೇಲೆ ಉಪ್ಪು ಮತ್ತು ಜೀರಿಗೆ ಬೆರೆತಂಥ ಒಂದು ವಾಸನೆ ಹಲಗೆಯ ಸಂದಿನಿಂದ ಈಚೆ ಬಂತು. ನಾನು ಎದ್ದು ಹೋಗಿ ಬಾಗಿಲಲ್ಲಿ ನಿಂತೆ.

ಭರಣಿಯ ಬಾಯಿ ತೆರೆದಿತ್ತು. ಸ್ವೆಟರಿನವಳ ಊಟದ ತಟ್ಟೆಯಲ್ಲಿ ಒಂದು ಮಿಡಿ. ಅವಳು ಅದನ್ನು ಕಚ್ಚಿ ಮುಖ ಕಿವುಚಿದಳು.

‘ಅಯ್ಯ, ಏನ್ ಉಪ್ಪೈತ್ರಿ!’ ಎಂದಳು. ಆದರೂ ಉಗುಳಲಿಲ್ಲ, ಪೂರ್ತಿ ತಿಂದು ತೊಟ್ಟನ್ನೂ ಚೀಪಿದಳು. ಆಯಿ ಅವಳನ್ನೇ ನೋಡುತ್ತಿದ್ದಳು. ನನ್ನ ಹೆರಿಗೆಯಾಗಿ ಮಗುವನ್ನು ಮಡಿಲಿಗೆ ಹಾಕಿದಾಗಲೂ ಆ ಮುಖ ನಾನು ನೋಡಿರಲಿಲ್ಲ.

ಸ್ವೆಟರಿನವಳು ಕೈ ತೊಳೆದು ತನ್ನ ಅಂಗಡಿಗೆ ಹೋಗುವವರೆಗೆ ತಡೆದೆ. ಆಮೇಲೆ ತಡೆಯಲಾಗಲಿಲ್ಲ.

‘ಎಂಗೆ ಒಂದು ದಿನ ಕೊಟ್ಟಿದ್ದಿಲ್ಲೆ. ಬಸ್ರಿ ಬಾಯಿಗೂ ಇಲ್ಲೆ ಅಂದೆ. ಆ ಸ್ವೆಟರಿನದ್ಕೆ ಎಂತಕ್ಕೆ ಕೊಟ್ಟೆ?’

ಆಯಿ ಭರಣಿಗೆ ಬಟ್ಟೆ ಕಟ್ಟುತ್ತಿದ್ದಳು. ಗಂಟು ಹಾಕಿ ಮುಗಿಸಿಯೇ ಮಾತಾಡಿದಳು.

‘ನೀ ಯಾವತ್ತೂ ಕೇಳಿದ್ದು ಮಿಡಿ. ಅದು ಕೇಳಿದ್ದು ಮರ ಎಲ್ಲಿತ್ತು ಹೇಳಿ.’

‘ಊರಿನ ಸುದ್ದಿ ಆನೂ ಕೇಳಿದ್ನಲೇ!’

‘ನೀ ಕೇಳಿದ್ದೆ. ನಿಂಗೆ ಹೇಳಿದ್ರೆ ನೀ ಅಪ್ಪಯ್ಯಂಗೆ ಬೈತೆ. ಅದು ನಗ್ತು.’

ಹೇಳಿದ್ದರೆ ನಾನು ಅಪ್ಪಯ್ಯನನ್ನು ಬಯ್ಯುತ್ತಿದ್ದೆ, ನಿಜ. ಈಗಲೂ ಬಯ್ಯುತ್ತೇನೆ. ಒಂದು ಮಾವಿನ ಟೊಂಗೆಗೆ ಊರನ್ನೇ ಹರಿದು ಹಂಚಿದ ಮನುಷ್ಯನನ್ನು ಮಗಳಲ್ಲದೆ ಇನ್ಯಾರು ಬಯ್ಯಬೇಕು? ಆದರೆ ತಾಯಿಯ ಮಾತು ಹೊರಗಿನವಳಿಗೆ ಹೋಗಿ ನನಗೆ ಹಲಗೆಯ ಸಂದಿನಲ್ಲಿ ಸಿಗುವುದಕ್ಕೆ ಅದು ಕಾರಣ ಸಾಲದು. ಎರಡು ದಿನ ನಾನು ಆಯಿಯ ಜೊತೆ ಮಾತು ಬಿಟ್ಟೆ. ಆಯಿಗೆ ಅದು ಗೊತ್ತಾದಂತೆಯೂ ಕಾಣಲಿಲ್ಲ.

ಚಳಿ ಇಳಿದು ಸ್ವೆಟರಿನವರು ಗಂಟು ಕಟ್ಟುವ ದಿನ ಬಂತು. ಮಧ್ಯಾಹ್ನ ಅವಳು ಉಳಿದ ಟೊಪ್ಪಿಗಳನ್ನು ಮಡಚಿ ಗೋಣಿಗೆ ತುಂಬುತ್ತಿದ್ದಳು. ನಾನು ಮಷೀನು ಬಿಟ್ಟು ಹೋಗಿ ಅವರಿಬ್ಬರ ಎದುರು ನೆಲದ ಮೇಲೆ ಕೂತೆ. ನಾಚಿಕೆ ಬಿಟ್ಟು ಕೇಳಿದೆ.

‘ಆಯಿ, ಮರ ಎಲ್ಲಿತ್ತು?’

ಆಯಿ ನನ್ನನ್ನು ನೋಡಿದಳು. ಖುಷಿಯಾಯಿತು ಎಂದು ಗೊತ್ತಾಗುವಂತೆ ಸೆರಗು ಸರಿಮಾಡಿಕೊಂಡಳು. ಬಾಯಿ ತೆರೆದಳು.

‘ಮರವಾ? ಮನೆಯಿಂದ ಇಳಿದು ಹೊಳೆಗೆ ಹೋಪಲ್ಲಿ... ಕಾಲುಸಂಕ ದಾಟಿದ್ರೆ, ಆಚೆ ದಂಡೆಲಿ...’

ಅಲ್ಲಿಗೆ ನಿಂತಳು. ಕೈ ಗಾಳಿಯಲ್ಲಿ ಆಚೆಗೊಮ್ಮೆ ಈಚೆಗೊಮ್ಮೆ ಆಡಿತು. ಹೆಪ್ಪು ಹಾಕಿದ್ದೇನೋ ಇಲ್ಲವೋ ಎಂದು ನಿಲ್ಲುತ್ತಾಳಲ್ಲ, ಅದೇ ಮುಖ.

ಸ್ವೆಟರಿನವಳು ತಲೆ ಎತ್ತಲಿಲ್ಲ. ಟೊಪ್ಪಿ ಮಡಚುತ್ತಲೇ ಹೇಳಿದಳು.

‘ಆಚಿ ದಂಡಿ ಅಲ್ರಿ ಆಯಿ, ಈಚಿ ದಂಡಿ. ಸಂಕ ದಾಟೂಕಿಂತ ಮೊದ್ಲ, ಎಡಕ್ಕ. ಬುಡದಾಗ ಕರಿ ಬಂಡಿಕಲ್ಲು ಇತ್ತು ಅಂದಿದ್ರಿ. ಅದರ ಮ್ಯಾಲ ನಿಂತು ನೀವೂ ಬಾಜೂ ಮನಿ ಅಕ್ಕನೂ ಕಡೀ ವರ್ಷ, ಗಂಡಸ್ರು ಸಭಾಕ್ಕ ಹೋದಾಗ, ಟೊಂಗಿ ನೋಡದ ಎಲ್ಲಾ ಕೂಡೇ ಕೊಯ್ದ್ರಿ. ಈ ಭರಣ್ಯಾಗಿಂದು ಅವ್ರ ಕಡೀ ಟೊಂಗೀದು. ನಿಮ್ಮ ಕಡೀದು ಅವ್ರು ಒಯ್ದ್ರು.’

‘ಹೌದು, ಹೌದು, ಈಚೆ ದಂಡೆ’ ಎಂದಳು ಆಯಿ. ಅವಳ ಮುಖ ಬೆಳಗಿತು. ‘ನೋಡು, ಅದ್ಕೆ ಎಲ್ಲಾ ನೆನಪಿದ್ದು.’

ಇದು ಖಾಲಿ ಮಷೀನಿನ ಸದ್ದಿನಲ್ಲಿ ನನಗೆ ಕೇಳಿಸದೆ ಹೋದ ಭಾಗ. ಹೆಗ್ಗರಣೆಯ ಯಾವುದೋ ಮನೆಯ ಮೂಲೆಯಲ್ಲಿ ನಮ್ಮ ಟೊಂಗೆಯ ಮಿಡಿಯ ಭರಣಿ ಇನ್ನೂ ಇದ್ದರೂ ಇರಬಹುದು.

ಗೋಣಿಯ ಬಾಯಿ ಹೊಲಿಯಲು ಅವಳು ನನ್ನ ಹತ್ತಿರ ದಬ್ಬಣ ಕೇಳಿದಳು. ತಂದು ಕೊಟ್ಟೆ. ಅವಳು ದೊಡ್ಡವರ ಒಂದು ಟೊಪ್ಪಿ ತೆಗೆದು ಆಯಿಯ ತಲೆಗೆ ಹಾಕಿ ಕಿವಿಯವರೆಗೆ ಎಳೆದಳು. ಆಯಿ ಅದನ್ನು ತೆಗೆಯಲಿಲ್ಲ, ನಾನು ಹೆಣೆದ ಟೊಪ್ಪಿ ಅವಳ ಪೆಟ್ಟಿಗೆಯಲ್ಲಿ ವರ್ಷಗಳಿಂದ ಹಾಗೆಯೇ ಇದೆ. ಸಂಜೆಯ ಬಸ್ಸಿಗೆ ಸ್ವೆಟರಿನವಳು ಹೋದಳು. ಆಯಿ ಬೀದಿಯ ತಿರುವಿನವರೆಗೆ ಹೋಗಿ ನಿಂತು ಬಂದಳು.

ಆ ರಾತ್ರಿ ಊಟಕ್ಕೆ ಕೂತಾಗ ನಾನು ಮತ್ತೆ ಕೇಳಿದೆ. ಆಯಿ ಮಜ್ಜಿಗೆ ಕಲೆಸುತ್ತ ಯೋಚಿಸಿದಳು. ‘ಆಚೆ ದಂಡೆ’ ಎಂದಳು.

ಈಚೆ ದಂಡೆ ಆಯಿ, ಎಂದೆ. ಅಲ್ಲ ಎಂದು ತಲೆಯಾಡಿಸಿದಳು. ನಾನು ಹೇಳಿದರೆ ಅವಳು ನಂಬುವುದಿಲ್ಲ. ನನ್ನ ಊರಿನ ದಾರಿ ಕೇಳಬೇಕಾದರೆ ಇನ್ನು ನಾನು ಮುಂಡಗೋಡಿನ ಕ್ಯಾಂಪಿಗೆ ಹೋಗಬೇಕು.